ಬೋಟ್ ಟ್ರೇಲರ್‌ಗೆ ಎಲೆಕ್ಟ್ರಿಕ್ ವಿಂಚ್: ಮೊದಲು ತೂಕ, ಆಮೇಲೆ ವೈರ್, ಕೊನೆಗೆ ವಿಂಚ್

ಅಕ್ಟೋಬರ್ ಬಂತೆಂದರೆ ಮೆಲ್ಬರ್ನ್‌ನ ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಸ್ನ್ಯಾಪರ್ ಮೀನಿನ ಸುಗ್ಗಿ. ಅಲ್ಲಿಂದ ಡಿಸೆಂಬರ್ ತನಕ ವೆರಿಬಿ ಸೌತ್, ಆಲ್ಟೋನಾ, ಪ್ಯಾಟರ್ಸನ್ ರಿವರ್ ರ‍್ಯಾಂಪ್‌ಗಳಲ್ಲಿ ಕಾರು, ಟ್ರೇಲರ್‌ಗಳ ಸಾಲು. ಟಾರ್ನೀಟ್, ಪಾಯಿಂಟ್ ಕುಕ್ ಕಡೆ ಮನೆ ಮಾಡಿರುವ ನಮ್ಮ ಕನ್ನಡದವರಲ್ಲೂ ಬೋಟ್ ಕೊಂಡವರಿದ್ದಾರೆ. ಬೋಟ್ ನೀರಿಗೆ ಇಳಿಸುವುದು ಸುಲಭ, ರ‍್ಯಾಂಪಿನ ಇಳಿಜಾರೇ ಅರ್ಧ ಕೆಲಸ ಮಾಡಿಕೊಡುತ್ತದೆ. ಮಧ್ಯಾಹ್ನ ಸುಸ್ತಾಗಿ ವಾಪಸ್ ಬಂದಾಗ ಇರುವುದು ನಿಜವಾದ ಕೆಲಸ. ಹಿಂದೆ ನಾಲ್ಕಾರು ಜನ ಕಾಯುತ್ತಿರುತ್ತಾರೆ. ಒಂದು ಟನ್ ದಾಟಿದ ಬೋಟನ್ನು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಮೇಲೆಳೆಯಬೇಕು. ಹಗ್ಗವನ್ನು ಡ್ರಮ್‌ಗೆ ಸುತ್ತುತ್ತಾ ಬೋಟನ್ನು ಮೋಟಾರ್‌ನಿಂದ ಎಳೆಯುವ ಎಲೆಕ್ಟ್ರಿಕ್ ವಿಂಚ್ ನೆನಪಾಗುವುದು ಆಗಲೇ.

ಅಂಗಡಿಗೆ ಹೋದರೆ ಡಬ್ಬಗಳ ಮೇಲೆ ದೊಡ್ಡ ದೊಡ್ಡ ನಂಬರ್. 2,000 ಪೌಂಡ್, 4,500 ಪೌಂಡ್, 6,000 ಪೌಂಡ್. ಜಾಸ್ತಿ ನಂಬರ್, ಕಮ್ಮಿ ಬೆಲೆ ನೋಡಿ ಎತ್ತಿಕೊಂಡು ಬರುವವರೇ ಹೆಚ್ಚು. ನನ್ನ ಪ್ರಕಾರ ಇದು ಉಲ್ಟಾ ದಾರಿ. ವಿಂಚ್ ಸರಿಯಾಗಿ ಕೆಲಸ ಮಾಡುತ್ತೋ ಇಲ್ವೋ ಅನ್ನುವುದನ್ನು ನಿಮ್ಮ ಬೋಟಿನ ತೂಕ, ಟ್ರೇಲರ್‌ನ ಸ್ಥಿತಿ ಮತ್ತು ಕಾರಿನಿಂದ ಬರುವ ವೈರ್ ಮೊದಲೇ ತೀರ್ಮಾನ ಮಾಡಿರುತ್ತವೆ. ಅದಕ್ಕೇ ಈ ಲೇಖನದಲ್ಲಿ ವಿಂಚ್ ಆರಿಸುವ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಉದಾಹರಣೆಗಳು ಆಸ್ಟ್ರೇಲಿಯಾದವು, ಆದರೆ ಲೆಕ್ಕ ಟೆಕ್ಸಸ್‌ನಲ್ಲಿರುವವರಿಗೂ ಅದೇ.

ಹಂತ 1: ನಿಮಗೆ ಬೇಕೇ ಬೇಕಾ?

ಐದು ಮೀಟರ್‌ಗಿಂತ ಚಿಕ್ಕ ಅಲ್ಯೂಮಿನಿಯಂ ಬೋಟ್ (ಇಲ್ಲಿಯವರು ಪ್ರೀತಿಯಿಂದ ಟಿನ್ನಿ ಅನ್ನುವುದು) ಇದ್ದರೆ, ಎಲ್ಲ ಸೇರಿ 600-700 ಕಿಲೋ ಒಳಗಿದ್ದರೆ, ಒಳ್ಳೆಯ ಕೈ ವಿಂಚ್ ಸಾಕು. ಎರಡು ಗೇರಿನ ಕೈ ವಿಂಚ್ ಸಿಗುತ್ತದೆ. ಒಂದಕ್ಕೆ ಐದರ ಗೇರಿನಲ್ಲಿ ಬೇಗ ಎಳೆಯಿರಿ. ಕೊನೆಯ ಒಂದು ಮೀಟರ್ ಬಿಗಿಯಾದಾಗ ಒಂದಕ್ಕೆ ಹತ್ತರ ಗೇರಿಗೆ ಬದಲಾಯಿಸಿ. ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ. ಬ್ಯಾಟರಿ ಬೇಡ, ವೈರ್ ಬೇಡ, ಉಪ್ಪುನೀರಿಗೂ ಅಷ್ಟಾಗಿ ಜಗ್ಗುವುದಿಲ್ಲ.

ಇನ್ನೊಂದು ದಾರಿ ಬೋಟನ್ನು ಎಂಜಿನ್ ಮೇಲೆಯೇ ಟ್ರೇಲರ್‌ಗೆ ಹತ್ತಿಸುವುದು. ಮೂತಿ ಮುಟ್ಟಿದ ತಕ್ಷಣ ತಾನೇ ಕಚ್ಚಿಕೊಳ್ಳುವ ಲ್ಯಾಚ್‌ಗಳೂ ಬಂದಿವೆ. ಇಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಅಲೆ, ಅಡ್ಡ ಗಾಳಿ ಇದ್ದರೆ ಕೈ ಪಳಗಿರಬೇಕು. ಪ್ರೊಪೆಲ್ಲರ್ ತಳ್ಳುವ ನೀರು ರ‍್ಯಾಂಪಿನ ಕಾಂಕ್ರೀಟ್ ಮುಗಿಯುವ ಜಾಗದಲ್ಲಿ ಮಣ್ಣು ಕೊರೆದು ಗುಂಡಿ ಮಾಡುತ್ತದೆ. ಆ ಗುಂಡಿಗೆ ಟ್ರೇಲರ್ ಚಕ್ರ ಇಳಿದರೆ ಫಜೀತಿ. ಅದಕ್ಕೇ ಕೆಲವು ಕಡೆ ಹೀಗೆ ಹತ್ತಿಸಬೇಡಿ ಅಂತ ಬೋರ್ಡ್ ಹಾಕಿರುತ್ತಾರೆ.

ಬೋಟ್ ಒಂದು ಟನ್ ದಾಟಿದ್ದರೆ, ಒಬ್ಬರೇ ಹೋಗುವವರಾದರೆ, ಭುಜವೋ ಬೆನ್ನೋ ತೊಂದರೆ ಕೊಡುತ್ತಿದ್ದರೆ, ಎಲೆಕ್ಟ್ರಿಕ್ ವಿಂಚ್‌ಗೆ ಖರ್ಚು ಮಾಡುವುದರಲ್ಲಿ ಅರ್ಥವಿದೆ. ಹೋಗುವ ರ‍್ಯಾಂಪ್ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪೋರ್ಟ್ ಫಿಲಿಪ್‌ನಲ್ಲಿ ಭರತ ಇಳಿತದ ವ್ಯತ್ಯಾಸ ಒಂದು ಮೀಟರ್ ಕೂಡ ಇರುವುದಿಲ್ಲ. ಪಕ್ಕದ ವೆಸ್ಟರ್ನ್‌ಪೋರ್ಟ್‌ನಲ್ಲಿ ಅದು ಮೂರು ಮೀಟರ್ ಹತ್ತಿರ ಹೋಗುತ್ತದೆ. ಇಳಿತದ ಹೊತ್ತಿಗೆ ಬಂದರೆ ರ‍್ಯಾಂಪಿನ ಕೊನೆಯಲ್ಲಿ ಟ್ರೇಲರನ್ನು ಬೇಕಾದಷ್ಟು ಮುಳುಗಿಸಲು ನೀರೇ ಇರುವುದಿಲ್ಲ. ಬೋಟಿನ ಪೂರ್ತಿ ಭಾರ ವಿಂಚ್ ಮೇಲೆ ಬೀಳುತ್ತದೆ.

ಹಂತ 2: ಎಳೆಯಬೇಕಾದ ಭಾರದ ಲೆಕ್ಕ

ಕಂಪನಿ ಕ್ಯಾಟಲಾಗ್‌ನಲ್ಲಿ ಕೊಟ್ಟಿರುವ ತೂಕ ಬರೀ ಹಲ್‌ನದ್ದು, ಅಂದರೆ ಬೋಟಿನ ಖಾಲಿ ಒಡಲಿನದ್ದು. ಅದನ್ನು ನಂಬಬೇಡಿ. ಒಂದು ಐದೂವರೆ ಮೀಟರ್ ಫೈಬರ್ ಬೋಟ್ ತೆಗೆದುಕೊಳ್ಳೋಣ. ಹಲ್ 800 ಕಿಲೋ. 115 ಹಾರ್ಸ್‌ಪವರ್ ಔಟ್‌ಬೋರ್ಡ್ ಎಂಜಿನ್ ಸುಮಾರು 170. ಪೆಟ್ರೋಲ್ ಲೀಟರ್‌ಗೆ ಮುಕ್ಕಾಲು ಕಿಲೋ ಲೆಕ್ಕದಲ್ಲಿ 120 ಲೀಟರ್‌ಗೆ 90. ಎರಡು ಬ್ಯಾಟರಿ 40. ಲಂಗರು, ಚೈನ್, ಐಸ್ ಪೆಟ್ಟಿಗೆ, ಲೈಫ್ ಜಾಕೆಟ್, ರಾಡ್, ಹಿಡಿದ ಮೀನು ಎಲ್ಲಾ ಸೇರಿ 100. ಮೊತ್ತ 1,200 ಕಿಲೋ. ಅನುಮಾನ ಇದ್ದರೆ ಸಾರ್ವಜನಿಕ ತೂಕದ ಸೇತುವೆಗೆ ಹೋಗಿ ಬೋಟ್ ಸಮೇತ ಟ್ರೇಲರನ್ನು ತೂಗಿಸಿ. ಅದರಲ್ಲಿ ಖಾಲಿ ಟ್ರೇಲರ್ ತೂಕ ಕಳೆಯಿರಿ. ಟ್ರೇಲರ್ ಪ್ಲೇಟ್ ಮೇಲೆ ಬರೆದಿರುವ ಮಿತಿಯನ್ನು ನೀವು ಈಗಾಗಲೇ ಮೀರಿದ್ದೀರಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಮೀರಿದ್ದರೆ ವಿಂಚ್ ವಿಷಯ ಆಮೇಲೆ ನೋಡಿಕೊಳ್ಳಿ.

ಈಗ ಇಳಿಜಾರು. ಬೋಟ್ ರ‍್ಯಾಂಪ್‌ಗಳು ಸಾಮಾನ್ಯವಾಗಿ ನೂರಕ್ಕೆ 12ರಿಂದ 15ರಷ್ಟು ಇಳಿಜಾರಾಗಿರುತ್ತವೆ. ಎಂಟಕ್ಕೆ ಒಂದು ಅಂದುಕೊಂಡರೆ 1,200 ಕಿಲೋದಲ್ಲಿ 150 ಕಿಲೋ ಎಳೆತ ಬರೀ ಇಳಿಜಾರಿಗೇ ಹೋಯಿತು.

ಅದರ ಮೇಲೆ ಉಜ್ಜುವಿಕೆ. ಇಲ್ಲಿ ಟ್ರೇಲರ್‌ಗೂ ಟ್ರೇಲರ್‌ಗೂ ಅಜಗಜಾಂತರ. ಚೆನ್ನಾಗಿ ತಿರುಗುವ ರೋಲರ್ ಇದ್ದರೆ ತೂಕದ ನೂರಕ್ಕೆ 10ರಷ್ಟು, ಅಂದರೆ 120 ಕಿಲೋ. ಕಾರ್ಪೆಟ್ ಹೊದಿಸಿದ ಸ್ಕಿಡ್ ಹಲಗೆಗಳಾದರೆ ಒದ್ದೆಯಾಗಿದ್ದರೂ ನೂರಕ್ಕೆ 35 ಅಂತ ಹಿಡಿಯಿರಿ, ಅಂದರೆ 420 ಕಿಲೋ. ಇವು ಅಂದಾಜು ಅಂಕಿಗಳು, ಆದರೆ ವಿಂಚ್ ಆರಿಸಲು ಇಷ್ಟು ಸಾಕು.

ಅಲ್ಲಿಗೆ ರೋಲರ್ ಟ್ರೇಲರ್ ಮೇಲೆ 270 ಕಿಲೋ ಎಳೆತ, ಸ್ಕಿಡ್ ಟ್ರೇಲರ್ ಮೇಲೆ 570 ಕಿಲೋ. ಬೋಟಿನ ಹಿಂಭಾಗ ತೇಲುತ್ತಿರುವ ತನಕ ನಿಜವಾದ ಎಳೆತ ಇದಕ್ಕಿಂತ ಕಮ್ಮಿಯೇ ಇರುತ್ತದೆ. ಆದರೆ ಬೋಟಿನ ತಳದ ನಡುವಿನ ಏಣು (ಕೀಲ್) ಒಂದು ರೋಲರ್ ಏರುವಾಗ ಕ್ಷಣಕಾಲ ಜೋರಾಗಿ ಜಗ್ಗುತ್ತದೆ. ಹಾಗಾಗಿ ಎರಡರಿಂದ ಗುಣಿಸಿ. 540 ಮತ್ತು 1,140.

ಅದೇ ಬೋಟ್, ಅದೇ ರ‍್ಯಾಂಪ್. ಟ್ರೇಲರ್ ಬದಲಾದದ್ದಕ್ಕೆ ವಿಂಚ್ ಮೇಲಿನ ಭಾರ ದುಪ್ಪಟ್ಟಾಯಿತು. ಸ್ಕಿಡ್ ಟ್ರೇಲರ್‌ನವರು ಟ್ರೇಲರನ್ನು ಸ್ವಲ್ಪ ಜಾಸ್ತಿ ಮುಳುಗಿಸಿ ಈ ಭಾರ ಇಳಿಸಿಕೊಳ್ಳುತ್ತಾರೆ. ತೀರಾ ಮುಳುಗಿಸಿದರೆ ಬೋಟ್ ನಡುವೆ ಕೂರದೆ ಓರೆಯಾಗಿ ತೇಲುತ್ತದೆ. ಬೇರಿಂಗ್, ಬ್ರೇಕ್‌ಗಳಿಗೂ ಉಪ್ಪುನೀರಿನ ಸ್ನಾನ ಜಾಸ್ತಿಯಾಗುತ್ತದೆ.

ರೋಲರ್ ಇದ್ದವರು ಒಂದು ಕೆಲಸ ಮಾಡಿ. ಬೋಟ್ ನೀರಿಗೆ ಬಿಟ್ಟ ದಿನ ಪ್ರತಿಯೊಂದು ರೋಲರನ್ನೂ ಕೈಯಲ್ಲಿ ತಿರುಗಿಸಿ ನೋಡಿ. ನಾಲ್ಕೈದು ವರ್ಷ ಹಳೆಯ ಟ್ರೇಲರ್‌ನಲ್ಲಿ ತುಕ್ಕು ಹಿಡಿದ ಪಿನ್‌ಗೆ ಅಂಟಿಕೊಂಡು ಕೂತ ರೋಲರ್ ಒಂದೆರಡಾದರೂ ಸಿಗುತ್ತದೆ. ತಿರುಗದ ರೋಲರ್ ರಬ್ಬರ್ ಬ್ರೇಕ್ ಇದ್ದ ಹಾಗೆ. ಪಿನ್ ಬದಲಾಯಿಸಿ, ರೋಲರ್ ಸವೆದಿದ್ದರೆ ಹೊಸದು ಹಾಕಿ. ಇಷ್ಟು ಮಾಡಿದ ಮೇಲೆ ಕೈ ವಿಂಚೇ ಹಗುರವಾಯಿತು ಅಂತ ಎಲೆಕ್ಟ್ರಿಕ್ ಕೊಳ್ಳುವ ಯೋಚನೆ ಬಿಟ್ಟವರೂ ಇದ್ದಾರೆ.

ಹಂತ 3: ಡಬ್ಬದ ಮೇಲಿನ ನಂಬರ್ ಓದುವುದು ಹೇಗೆ

ಮೊದಲ ಮೋಸ ಇಲ್ಲಿ. ಅಗ್ಗದ 12 ವೋಲ್ಟ್ ವಿಂಚ್‌ಗಳ ಡಬ್ಬದ ಮೇಲೆ ಮೂರು ನಂಬರ್ ಇರುವುದುಂಟು. ನೇರ ಎಳೆತ 2,000 ಪೌಂಡ್, ಬೋಟ್ ಎಳೆಯಲು 5,000, ಚಕ್ರದ ಮೇಲಿನ ಭಾರಕ್ಕೆ 6,000. ದೊಡ್ಡ ಅಕ್ಷರದಲ್ಲಿ ಇರುವುದು ಕೊನೆಯದು. ವಿಂಚ್ ಮಾತ್ರ ಒಂದೇ. ಹಗ್ಗದ ಮೇಲೆ ಅದು ಹಾಕಬಲ್ಲ ಬಲ 2,000 ಪೌಂಡ್, ಅಂದರೆ 907 ಕಿಲೋ. ಉಳಿದ ಎರಡು ನಂಬರ್ ಇಷ್ಟು ಇಳಿಜಾರು, ಇಷ್ಟು ಉಜ್ಜುವಿಕೆ ಅಂತ ಅವರೇ ಊಹಿಸಿಕೊಂಡು ಬರೆದದ್ದು. ನೀವು ನಿಮ್ಮ ಲೆಕ್ಕವನ್ನು ಹಂತ 2ರಲ್ಲಿ ಮಾಡಿಕೊಂಡಾಗಿದೆ, ಹಾಗಾಗಿ ನೇರ ಎಳೆತದ ನಂಬರ್ ಒಂದನ್ನೇ ನೋಡಿ. ಬೋಟ್‌ಗೆಂದೇ ವಿಂಚ್ ಮಾಡುವ ಕೆಲವು ಕಂಪನಿಗಳು ಬೋಟಿನ ತೂಕದ ಮೇಲೆಯೇ ರೇಟಿಂಗ್ ಕೊಡುತ್ತವೆ. ಅದು ತಪ್ಪಲ್ಲ, ಆದರೆ ರಾಟೆ ಹಾಕಿ ಡಬಲ್ ಲೈನ್‌ನಲ್ಲಿ ಎಳೆದರೆ ಮಾತ್ರವಾ ಅಂತ ಸಣ್ಣ ಅಕ್ಷರದಲ್ಲಿ ಓದಿ.

ಎರಡನೆಯದು ಮೋಸವಲ್ಲ, ಗಣಿತ. ರೇಟಿಂಗ್ ಹೇಳುವುದು ಡ್ರಮ್ ಮೇಲೆ ಹಗ್ಗದ ಮೊದಲ ಪದರ ಇದ್ದಾಗಿನ ಎಳೆತ. ಪದರ ಏರಿದ ಹಾಗೆ ಡ್ರಮ್ ದಪ್ಪವಾಗುತ್ತದೆ, ಎಳೆತ ಕುಗ್ಗುತ್ತದೆ. 64 ಮಿಲಿಮೀಟರ್ ಡ್ರಮ್, 6 ಮಿಲಿಮೀಟರ್ ಹಗ್ಗ ಇಟ್ಟುಕೊಂಡು ಲೆಕ್ಕ ಹಾಕಿದರೆ ಎರಡನೇ ಪದರದಲ್ಲಿ ನೂರಕ್ಕೆ 86 ಉಳಿಯುತ್ತದೆ. ಮೂರನೆಯದರಲ್ಲಿ 76, ನಾಲ್ಕನೆಯದರಲ್ಲಿ 68. ಬೋಟ್ ಪೂರ್ತಿ ಟ್ರೇಲರ್ ಮೇಲೆ ಬಂದು ಅತಿ ಭಾರವಾಗಿರುವ ಹೊತ್ತಿಗೇ ಹಗ್ಗ ಪೂರ್ತಿ ಸುತ್ತಿಕೊಂಡು ವಿಂಚ್ ಅತಿ ಸೊರಗಿರುತ್ತದೆ. ಜೀಪ್ ಕೆಸರಿನಿಂದ ಎಳೆಯುವವರು ಹಗ್ಗ ಬೇಕಾದಷ್ಟು ಬಿಚ್ಚಿಕೊಂಡು ಮೊದಲ ಪದರಕ್ಕೆ ಹೋಗಬಹುದು. ಬೋಟ್‌ನವರಿಗೆ ಆ ಅನುಕೂಲ ಇಲ್ಲ.

ಇದಕ್ಕೆ ಪರಿಹಾರ ಸರಳ. ಬೇಡದ ಹಗ್ಗ ಇಟ್ಟುಕೊಳ್ಳಬೇಡಿ. ವಿಂಚ್ ಜೊತೆ 15 ಮೀಟರ್ ಬಂದಿದ್ದರೆ, ನಿಮಗೆ 8 ಮೀಟರ್ ಸಾಕಾಗುವುದಾದರೆ, ಉಳಿದದ್ದನ್ನು ತೆಗೆಸಿ. ಆದರೆ ಪೂರ್ತಿ ಬಿಚ್ಚಿದಾಗಲೂ ಡ್ರಮ್ ಮೇಲೆ ಉಳಿಯಬೇಕಾದ ಸುತ್ತು ಲೆಕ್ಕದಲ್ಲಿರಲಿ. ಸ್ಟೀಲ್ ಆದರೆ ಐದು, ಜಾರುವ ಸಿಂಥೆಟಿಕ್ ಆದರೆ ಎಂಟು ಹತ್ತು.

ಈಗ ನಮ್ಮ ಉದಾಹರಣೆಗೆ ಬನ್ನಿ. ಮೂರನೇ ಪದರದಲ್ಲಿ ಬೇಕಾದ ಎಳೆತವನ್ನು 0.76ರಿಂದ ಭಾಗಿಸಿ. ರೋಲರ್ ಟ್ರೇಲರ್‌ಗೆ ಸುಮಾರು 710 ಕಿಲೋ, ಅಂದರೆ ಪ್ರಾಮಾಣಿಕ 2,000 ಪೌಂಡ್ ವಿಂಚ್ ಧಾರಾಳ. ಸ್ಕಿಡ್ ಟ್ರೇಲರ್‌ಗೆ 1,500 ಕಿಲೋ, ಅಂದರೆ 3,500 ಪೌಂಡ್ ವಿಂಚ್. ಇಲ್ಲವೇ 2,000 ಪೌಂಡ್‌ನದ್ದಕ್ಕೇ ಒಂದು ರಾಟೆ ಸೇರಿಸಿ. ರಾಟೆಯನ್ನು ಬೋಟಿನ ಮೂತಿಯ ಕೊಂಡಿಗೆ ಹಾಕಿ, ಹಗ್ಗದ ತುದಿಯನ್ನು ವಾಪಸ್ ವಿಂಚ್ ಕಂಬಕ್ಕೆ ಕಟ್ಟಿದರೆ ಎಳೆತ ಹೆಚ್ಚುಕಮ್ಮಿ ದುಪ್ಪಟ್ಟು. ವೇಗ ಅರ್ಧ, ಹಗ್ಗವೂ ಎರಡು ಪಟ್ಟು ಬೇಕು.

ಹಾಗಾದರೆ ಸಕಲೇಶಪುರದ ಕಾಡುದಾರಿಗೆ ಹೋಗುವ ಜೀಪ್‌ಗಳಿಗೆ ಹಾಕುತ್ತಾರಲ್ಲ, 9,000 ಪೌಂಡ್‌ನದ್ದು, ಅದನ್ನೇ ಹಾಕಿದರೆ? ಬೇಡ. ಒಂದು, ಅದರ ತೂಕವೇ 35 ಕಿಲೋ ಮೇಲೆ ಹೋಗಬಹುದು. ಎರಡು, ಪೂರ್ತಿ ಭಾರದಲ್ಲಿ 300-400 ಆಂಪ್ ಎಳೆಯುತ್ತದೆ. ಮೂರನೆಯದೇ ಮುಖ್ಯ. ಬೋಟ್ ಎಲ್ಲಾದರೂ ಸಿಕ್ಕಿಕೊಂಡರೆ ಸಣ್ಣ ವಿಂಚ್ ಏದುಸಿರು ಬಿಟ್ಟು ನಿಲ್ಲುತ್ತದೆ. ಅದು ನಿಮಗೆ ಸಿಗುವ ಎಚ್ಚರಿಕೆ. ದೊಡ್ಡ ವಿಂಚ್ ನಿಲ್ಲುವುದಿಲ್ಲ, ಮೂತಿಯ ಕೊಂಡಿಯನ್ನು ಕಿತ್ತುಕೊಂಡು ಬರುತ್ತದೆ, ಇಲ್ಲವೇ ಕಂಬ ಬಗ್ಗಿಸುತ್ತದೆ.

ಲಂಗರು ಎತ್ತುವ ಡ್ರಮ್ ವಿಂಚ್ ಬೇರೆ, ಟ್ರೇಲರ್ ವಿಂಚ್ ಬೇರೆ. ಅಂಗಡಿಯಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಇರುತ್ತವೆ, ನೋಡಿಕೊಳ್ಳಿ.

ಹಂತ 4: ವೈರ್ ಮತ್ತು ಬ್ಯಾಟರಿ

"ವಿಂಚ್ ಸರಿ ಇಲ್ಲ, ಅರ್ಧಕ್ಕೆ ನಿಂತುಬಿಡುತ್ತೆ" ಅನ್ನುವ ದೂರು ಕೇಳಿದಾಗಲೆಲ್ಲ ನಾನು ಮೊದಲು ನೋಡುವುದು ವೈರ್. ಬಹುಪಾಲು ಅಲ್ಲೇ ಉತ್ತರ ಇರುತ್ತದೆ.

ಕಾರಿನ ಬಾನೆಟ್ ಕೆಳಗಿನ ಬ್ಯಾಟರಿಯಿಂದ ಹಿಂದಿನ ಬಂಪರ್‌ಗೆ ಸುಮಾರು 5 ಮೀಟರ್. ಅಲ್ಲಿಂದ ವಿಂಚ್ ಕಂಬಕ್ಕೆ ಇನ್ನೊಂದು 2 ಮೀಟರ್. ಕರೆಂಟ್ ಹೋಗಿ ವಾಪಸ್ ಬರಬೇಕು, ಆದ್ದರಿಂದ 14 ಮೀಟರ್ ತಾಮ್ರ. ಭಾರ ಎಳೆಯುವಾಗ ವಿಂಚ್ 60 ಆಂಪ್ ತೆಗೆದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಟ್ರೇಲರ್ ಲೈಟ್‌ಗೆ ಬಳಸುವ ಸಣ್ಣ ವೈರ್, ತಾಮ್ರದ ಅಡ್ಡಕೊಯ್ತ 1.84 ಚದರ ಮಿಲಿಮೀಟರ್‌ನದ್ದು ಹಾಕಿದರೆ ದಾರಿಯಲ್ಲೇ ಸುಮಾರು 8 ವೋಲ್ಟ್ ಕಳೆದುಹೋಗುತ್ತದೆ. ವಿಂಚ್‌ಗೆ ಸಿಗುವುದು 4-5 ವೋಲ್ಟ್. ವೈರ್ ಸುಟ್ಟು ಹೊಗೆ ಬಂದರೂ ಬಂತು. 4.6 ಚದರ ಮಿಲಿಮೀಟರ್ ಹಾಕಿದರೆ 3 ವೋಲ್ಟ್ ನಷ್ಟ. 13.5ರದ್ದು ಹಾಕಿದರೆ 1 ವೋಲ್ಟ್. 32ರದ್ದು ಹಾಕಿದರೆ ಅರ್ಧ ವೋಲ್ಟ್‌ಗಿಂತ ಕಮ್ಮಿ. ನಷ್ಟ 1 ವೋಲ್ಟ್ ದಾಟದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು.

ವೋಲ್ಟ್ ಕಮ್ಮಿಯಾದರೆ ಏನಾಗುತ್ತದೆ? ಭಾರ ಅಷ್ಟೇ ಇದ್ದರೆ ಮೋಟಾರ್‌ಗೆ ಕರೆಂಟ್ ಅಷ್ಟೇ ಬೇಕು. ವೋಲ್ಟ್ ಇಲ್ಲದಿದ್ದರೆ ಅದು ನಿಧಾನವಾಗುತ್ತದೆ. ಎರಡು ನಿಮಿಷದ ಕೆಲಸಕ್ಕೆ ಐದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಮೋಟಾರ್ ಬಿಸಿಯೇರುತ್ತಿರುತ್ತದೆ. ಸಣ್ಣ ವಿಂಚ್‌ಗಳಲ್ಲಿ ಇರುವುದು ಹೆಚ್ಚಾಗಿ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್. ಕರೆಂಟ್ ಕಮ್ಮಿ ತಿನ್ನುತ್ತದೆ, ಆದರೆ ಬೇಗ ಬಿಸಿಯಾಗುತ್ತದೆ. ಸೋಲೆನಾಯ್ಡ್ (ಮೋಟಾರ್‌ಗೆ ಕರೆಂಟ್ ಬಿಡುವ ಸ್ವಿಚ್) ಟಕಟಕ ಅನ್ನಲು ಶುರು ಮಾಡಿದರೆ ವೋಲ್ಟ್ ಸಾಲುತ್ತಿಲ್ಲ ಅಂತಲೇ ಅರ್ಥ.

ಆಸ್ಟ್ರೇಲಿಯಾದಲ್ಲಿ ವೈರ್ ಕೊಳ್ಳುವವರಿಗೆ ಒಂದು ಗುಂಡಿ ಕಾದಿದೆ. ಇಲ್ಲಿಯ ಆಟೋ ಅಂಗಡಿಗಳಲ್ಲಿ "6 ಎಂಎಂ ವೈರ್" ಅಂದರೆ ಪ್ಲಾಸ್ಟಿಕ್ ಹೊದಿಕೆ ಸೇರಿದ ಹೊರಗಿನ ದಪ್ಪ. ಒಳಗಿನ ತಾಮ್ರ 4.6 ಚದರ ಮಿಲಿಮೀಟರ್ ಅಷ್ಟೇ. ನಮ್ಮೂರಲ್ಲಿ ಮನೆ ವೈರಿಂಗ್‌ಗೆ 4 ಸ್ಕ್ವೇರ್, 6 ಸ್ಕ್ವೇರ್ ಅಂತ ಕೇಳಿ ಅಭ್ಯಾಸ ಇರುವವರು ಇಲ್ಲಿ ಸುಲಭವಾಗಿ ಎಡವುತ್ತಾರೆ. ಎಂಎಂ ಲೆಕ್ಕ ಬಿಟ್ಟು ಬಿ ಆಂಡ್ ಎಸ್ ಸೈಜಿನಲ್ಲಿ ಕೇಳಿ, ಅದು ಒಳಗಿನ ತಾಮ್ರದ ಅಳತೆ. 6 ಬಿ ಆಂಡ್ ಎಸ್ ಅಂದರೆ ಸುಮಾರು 13.5 ಚದರ ಮಿಲಿಮೀಟರ್, 2 ಬಿ ಆಂಡ್ ಎಸ್ ಅಂದರೆ ಸುಮಾರು 32. ನಂಬರ್ ಇಳಿದಷ್ಟೂ ವೈರ್ ದಪ್ಪ. ಟ್ರೇಲರ್ ಕಡೆಯ ತುಂಡಿಗೆ ತವರ ಲೇಪಿಸಿದ ತಾಮ್ರದ್ದೇ ತನ್ನಿ. ಬರೀ ತಾಮ್ರ ಉಪ್ಪುನೀರಿಗೆ ಹೊದಿಕೆಯ ಒಳಗೊಳಗೇ ಹಸಿರಾಗಿ ಕೊಳೆಯುತ್ತದೆ.

ಕಾರಿಗೂ ಟ್ರೇಲರ್‌ಗೂ ನಡುವೆ ಆಂಡರ್ಸನ್ ಪ್ಲಗ್ (ಜೋರು ಕರೆಂಟ್ ತಡೆಯುವ, ಕಳಚಬಹುದಾದ ಜೋಡಣೆ) ಹಾಕುವುದು ಇಲ್ಲಿಯ ರೂಢಿ. ಕ್ಯಾರವಾನ್‌ಗಳಲ್ಲಿ ಕಾಣುವ ಬೂದು ಬಣ್ಣದ ಚಿಕ್ಕದು 50 ಆಂಪ್‌ನದ್ದು. ರೋಲರ್ ಟ್ರೇಲರ್, ಸಣ್ಣ ವಿಂಚ್ ಆದರೆ ಅದು ನಡೆದೀತು. ಅದಕ್ಕೆ ಮೇಲಾದರೆ 120 ಅಥವಾ 175 ಆಂಪ್‌ನದ್ದು ಹಾಕಿ. ಒಂದು ಸೈಜಿನದ್ದು ಇನ್ನೊಂದಕ್ಕೆ ಕೂರುವುದಿಲ್ಲ, ಬಣ್ಣ ಬೇರೆಯಾದರೂ ಕೂರುವುದಿಲ್ಲ. ಹಾಗಾಗಿ ಎರಡೂ ಕಡೆಗೆ ಒಟ್ಟಿಗೇ ಕೊಳ್ಳಿ. ತುದಿಗಳನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಕ್ರಿಂಪಿಂಗ್ ಟೂಲ್ ಇರುವವರಲ್ಲಿ ಮಾಡಿಸಿ.

ಸರ್ಕ್ಯೂಟ್ ಬ್ರೇಕರ್ ಬ್ಯಾಟರಿ ಪಕ್ಕದಲ್ಲೇ ಇರಬೇಕು. ವಿಂಚ್ ಪಕ್ಕದಲ್ಲಿ ಹಾಕಿದರೆ ನಡುವಿನ 7 ಮೀಟರ್ ವೈರ್‌ಗೆ ರಕ್ಷಣೆ ಇಲ್ಲ. ಎಲ್ಲೋ ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದರೆ ಕಾರಿಗೆ ಬೆಂಕಿ. ಟ್ರೇಲರ್ ಮೇಲೂ ಒಂದು ಬ್ಯಾಟರಿ ಇದ್ದರೆ ಅಲ್ಲೂ ಒಂದು ಬ್ರೇಕರ್ ಬೇಕು.

ಟ್ರೇಲರ್ ಮೇಲೆ ಬ್ಯಾಟರಿ ಇಡುವುದೇ ಒಳ್ಳೆಯದಾ ಅಂತ ಕೇಳುತ್ತಾರೆ. ಯಾರದ್ದೋ ಕಾರು, ಬಾಡಿಗೆ ಕಾರು, ಬದಲಾಗುತ್ತಿರುವ ಕಾರು ಆದರೆ ಹೌದು. ವೈರ್ ಒಂದು ಮೀಟರ್‌ನಲ್ಲಿ ಮುಗಿಯುತ್ತದೆ, ವೋಲ್ಟ್ ನಷ್ಟದ ತಲೆನೋವೇ ಇಲ್ಲ. ಸಾಮರ್ಥ್ಯವೂ ಜಾಸ್ತಿ ಬೇಡ. 60 ಆಂಪ್ ಮೂರು ನಿಮಿಷ ಎಳೆದರೆ ಖರ್ಚಾಗುವುದು 3 ಆಂಪ್-ಅವರ್ ಅಷ್ಟೇ. ಆದರೆ ಒಮ್ಮೆಲೇ ಜೋರು ಕರೆಂಟ್ ಕೊಡುವ ತಾಕತ್ತು ಇರಬೇಕು. ಎಂಜಿನ್ ಸ್ಟಾರ್ಟ್ ಮಾಡುವ ಜಾತಿಯ ಸಣ್ಣ ಎಜಿಎಂ (ಸೀಲ್ ಮಾಡಿದ ಲೆಡ್-ಆಸಿಡ್) ಬ್ಯಾಟರಿ ಇದಕ್ಕೆ ಸರಿ. ಲಿಥಿಯಂ ಹಾಕುವವರು ಅದರ ಬಿಎಂಎಸ್ (ಒಳಗಿರುವ ರಕ್ಷಣೆಯ ಸರ್ಕ್ಯೂಟ್) ಎಷ್ಟು ಆಂಪ್ ಬಿಡುತ್ತದೆ ಅಂತ ಕೇಳಿಕೊಳ್ಳಿ. 20 ಆಂಪ್ ಮಿತಿ ಇರುವ ಪುಟ್ಟ ಲಿಥಿಯಂ, ವಿಂಚ್ ಸ್ವಿಚ್ ಒತ್ತಿದ ತಕ್ಷಣ ಮಲಗಿಬಿಡುತ್ತದೆ. ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವುದು ಯಾರ ಕೆಲಸ ಅಂತಲೂ ಮೊದಲೇ ತೀರ್ಮಾನಿಸಿ. ಮರೆತುಹೋಗುವವರೇ ಜಾಸ್ತಿ.

ಬೋಟಿನ ಸ್ವಂತ ಬ್ಯಾಟರಿಯಿಂದಲೇ ವೈರ್ ತರುವವರೂ ಇದ್ದಾರೆ. ನನಗೆ ಇಷ್ಟವಿಲ್ಲ. ಬ್ಯಾಟರಿ ಇರುವುದು ಬೋಟಿನ ಹಿಂಭಾಗದಲ್ಲಿ, ವಿಂಚ್ ಮುಂದೆ. ಮತ್ತದೇ ಉದ್ದದ ವೈರ್, ಜೊತೆಗೆ ನೀರಿನ ಮೇಲೆ ಎಂಜಿನ್ ಶುರು ಮಾಡಬೇಕಾದ ಬ್ಯಾಟರಿಗೆ ಇನ್ನೊಂದು ಬಾಯಿ.

ಹಂತ 5: ಸ್ಟೀಲ್, ಸಿಂಥೆಟಿಕ್, ಪಟ್ಟಿ

ಹಳೆಯ ಕಾಲದ ಗ್ಯಾಲ್ವನೈಸ್ಡ್ ಸ್ಟೀಲ್ ಹಗ್ಗ ಅಗ್ಗ. 6 ಮಿಲಿಮೀಟರ್‌ನದ್ದು ಹತ್ತಿರಹತ್ತಿರ ಎರಡು ಟನ್‌ಗೆ ಹರಿಯುತ್ತದೆ. ಆದರೆ ಉಪ್ಪುನೀರಿಗೆ ಒಂದೊಂದೇ ಎಳೆ ತುಂಡಾಗಿ ಸೂಜಿಯಂತೆ ಹೊರಗೆ ಚಾಚುತ್ತದೆ, ಅಂಗೈ ಸೀಳುತ್ತದೆ. ಬಿಗಿಯಾಗಿದ್ದಾಗ ಹರಿದರೆ ಬೀಸಿ ಹೊಡೆಯುವುದು ಇನ್ನೂ ಅಪಾಯ.

ಡೈನೀಮಾ ಅಂತ ಸಿಗುವ ಸಿಂಥೆಟಿಕ್ ಹಗ್ಗವನ್ನು ನಾನು ಆರಿಸುತ್ತೇನೆ. ಅದೇ ದಪ್ಪಕ್ಕೆ ಮೂರು ಟನ್‌ಗೂ ಮೇಲೆ ತಡೆಯುತ್ತದೆ, ನೀರಿನಲ್ಲಿ ತೇಲುತ್ತದೆ, ಹಗುರ. ಅದಕ್ಕೆ ಬಿಸಿ ಮತ್ತು ಚೂಪು ಅಂಚು ಆಗುವುದಿಲ್ಲ. ಹಳೆಯ ವಿಂಚ್‌ಗೆ ಹಾಕುವುದಾದರೆ ಸ್ಟೀಲ್ ಹಗ್ಗ ಗೀರಿದ ಜಾಗಗಳನ್ನು ಮೊದಲು ಉಜ್ಜಿ ನುಣುಪು ಮಾಡಿ. ಕೆಲವು ವಿಂಚ್‌ಗಳ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಹೊತ್ತು ಬಹಳ ಹೊತ್ತು ಹಗ್ಗ ಬಿಡುತ್ತಾ ಹೋದರೆ ಆ ಡ್ರಮ್ ಬಿಸಿಯಾಗುತ್ತದೆ, ಸಿಂಥೆಟಿಕ್ ಹಗ್ಗ ಸೊರಗುತ್ತದೆ. ತುದಿಗೆ ಗಂಟು ಹಾಕಬೇಡಿ. ಗಂಟು ಅರ್ಧ ಬಲ ತಿಂದುಹಾಕುತ್ತದೆ. ಹೆಣೆದ ಕುಣಿಕೆ ಇರುವುದನ್ನೇ ಕೊಳ್ಳಿ.

ಕೈ ವಿಂಚ್‌ಗಳಲ್ಲಿ ಕಾಣುವ ಪಾಲಿಯೆಸ್ಟರ್ ಪಟ್ಟಿ ಕೈಗೆ ಹಿತ, ಆದರೆ ಎಲೆಕ್ಟ್ರಿಕ್‌ಗೆ ಯೋಚಿಸಿ ಹಾಕಿ. ಪಟ್ಟಿ ಒಂದರ ಮೇಲೊಂದು ಸುತ್ತಿಕೊಳ್ಳುತ್ತದೆ, ಅಂದರೆ ಪ್ರತಿ ಸುತ್ತೂ ಒಂದು ಹೊಸ ಪದರ. ಏಳು ಮೀಟರ್ ಸುತ್ತುವಷ್ಟರಲ್ಲಿ ಡ್ರಮ್ ಹಲವು ಪಟ್ಟು ದಪ್ಪವಾಗಿ ಎಳೆತ ಪಾತಾಳಕ್ಕೆ ಇಳಿದಿರುತ್ತದೆ.

ಹಂತ 6: ಕೊಳ್ಳುವಾಗ ಕೈಯಾರೆ ನೋಡಬೇಕಾದ್ದು

ಸ್ವಿಚ್ ಬಿಟ್ಟ ತಕ್ಷಣ ಭಾರ ಹಿಡಿದು ನಿಲ್ಲುವ ಬ್ರೇಕ್ ಇದೆಯಾ ಕೇಳಿ. ಮೋಟಾರ್‌ನ ತಡೆಯೊಂದನ್ನೇ ನಂಬಿದ ವಿಂಚ್ ನಿಧಾನವಾಗಿ ಜಾರುತ್ತದೆ, ರ‍್ಯಾಂಪ್ ಮೇಲೆ ಅದು ಆಗುವುದಿಲ್ಲ. ಮೆಕ್ಯಾನಿಕಲ್ ಬ್ರೇಕ್ ಇರಬೇಕು.

ಕ್ಲಚ್ ಬಿಟ್ಟು ಹಗ್ಗವನ್ನು ಕೈಯಲ್ಲಿ ಎಳೆದುಕೊಳ್ಳುವ ಫ್ರೀವೀಲ್ ಸೌಲಭ್ಯ ಬೇಕೇಬೇಕು. ಇಲ್ಲದಿದ್ದರೆ ಹಗ್ಗ ಬಿಚ್ಚಲೂ ಮೋಟಾರ್ ಓಡಿಸುತ್ತಾ ನಿಲ್ಲಬೇಕು. ಬ್ಯಾಟರಿ ಕೈಕೊಟ್ಟರೆ ತಿರುಗಿಸಲು ಕೈ ಹ್ಯಾಂಡಲ್ ಇದೆಯಾ? ಜೀಪ್, ಎಟಿವಿಗೆ ಮಾಡಿದ ಸಣ್ಣ ವಿಂಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೋಟ್‌ಗೆಂದೇ ಮಾಡಿದ್ದರಲ್ಲಿ ಇರುತ್ತದೆ. ನನಗಂತೂ ಇದೊಂದೇ ಕಾರಣಕ್ಕೆ ಜಾಸ್ತಿ ದುಡ್ಡು ಕೊಡುವುದು ಸರಿ ಅನ್ನಿಸುತ್ತದೆ. ಇಳಿತದಲ್ಲಿ, ಕತ್ತಲಾಗುವ ಹೊತ್ತಿಗೆ ಸೋಲೆನಾಯ್ಡ್ ಸತ್ತರೆ ಬೇರೆ ದಾರಿ ಏನಿದೆ ಹೇಳಿ?

ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅರ್ಥ. ಆ ಮಾತು ಮೋಟಾರ್‌ಗೆ ಮಾತ್ರವಾ, ಕಂಟ್ರೋಲ್ ಬಾಕ್ಸ್‌ಗೂ ಸೇರಿಯಾ ನೋಡಿ. ವಾರಂಟಿಯಲ್ಲಿ ಉಪ್ಪುನೀರಿನ ತುಕ್ಕನ್ನು ಹೊರಗಿಟ್ಟಿದ್ದಾರಾ ಅಂತಲೂ ಓದಿ. ವೈರ್‌ಲೆಸ್ ರಿಮೋಟ್ ಶೋಕಿಯಲ್ಲ. ಬೋಟಿನ ಪಕ್ಕ ನಿಂತು, ಅದು ನೇರವಾಗಿ ಬರುತ್ತಿದೆಯಾ ನೋಡುತ್ತಾ, ಹಗ್ಗದ ದಾರಿಯಿಂದ ದೂರ ಇರಬಹುದು. ಆದರೆ ವೈರ್ ಇರುವ ರಿಮೋಟೂ ಜೊತೆಗಿರಲಿ.

ಹಂತ 7: ಕೂರಿಸುವುದು

ಬೋಟ್ ಟ್ರೇಲರ್ ಮೇಲೆ ಪೂರ್ತಿ ಕೂತಾಗ ಮೂತಿಯ ಕೊಂಡಿಗೂ ವಿಂಚ್ ಡ್ರಮ್‌ಗೂ ನಡುವಿನ ಹಗ್ಗ ಮಟ್ಟವಾಗಿರಬೇಕು. ವಿಂಚ್ ತೀರಾ ಮೇಲಿದ್ದರೆ ಮೂತಿಯನ್ನು ಎತ್ತುತ್ತದೆ, ತೀರಾ ಕೆಳಗಿದ್ದರೆ ರೋಲರ್‌ಗೆ ಒತ್ತಿ ಭಾರ ಹೆಚ್ಚಿಸುತ್ತದೆ. ಕೈ ವಿಂಚ್‌ಗೆ ಮಾಡಿದ ಕಂಬ ಮೋಟಾರ್‌ನ ಬಲ ತಡೆಯುತ್ತದೆಯಾ ಅಂತ ನೋಡಿ. ತೂತುಗಳು ಹೊಂದದಿದ್ದರೆ ಹೊಸ ತೂತು ಕೊರೆಯುವ ಬದಲು ದಪ್ಪ ಪ್ಲೇಟ್ ಒಂದನ್ನು ನಡುವೆ ಹಾಕಿಸಿ.

ವಿಂಚ್, ಬ್ಯಾಟರಿ, ಬ್ರಾಕೆಟ್ ಎಲ್ಲಾ ಸೇರಿ 25-30 ಕಿಲೋ ಟ್ರೇಲರ್‌ನ ಮೂಗಿನ ಮೇಲೆ ಬೀಳುತ್ತದೆ. ಟೋ ಬಾಲ್ (ಟ್ರೇಲರನ್ನು ಕಾರಿಗೆ ಕೂಡಿಸುವ ಗುಂಡು) ಮೇಲಿನ ಭಾರ ಕಾರಿನ ಮಿತಿಯೊಳಗಿದೆಯಾ ಮತ್ತೆ ತೂಗಿ. ಆಸ್ಟ್ರೇಲಿಯಾದಲ್ಲಿ ಟ್ರೇಲರ್‌ನ ಚಕ್ರಗಳ ಮೇಲಿನ ಭಾರ 750 ಕಿಲೋ ದಾಟಿದರೆ ಬ್ರೇಕ್ ಬೇಕು, 2,000 ದಾಟಿದರೆ ಎಲ್ಲ ಚಕ್ರಕ್ಕೂ ಬೇಕು. ಗಡಿಯಲ್ಲಿರುವವರು ಇದನ್ನೂ ನೋಡಿಕೊಳ್ಳಿ.

ರಸ್ತೆಯಲ್ಲಿ ಹೋಗುವಾಗ ಬೋಟ್ ಹಿಡಿಯುವ ಕೆಲಸ ವಿಂಚ್‌ದಲ್ಲ. ಮೂತಿಗೆ ಬೇರೆಯೇ ಸೇಫ್ಟಿ ಚೈನ್, ಹಿಂಭಾಗಕ್ಕೆ ಎರಡು ಪಟ್ಟಿ. ದಾರಿಯುದ್ದಕ್ಕೂ ಕುಲುಕಾಡುವ ಬೋಟಿನ ಭಾರ ಗೇರ್ ಹಲ್ಲುಗಳ ಮೇಲೆ ಬಿದ್ದರೆ ವಿಂಚ್ ಎರಡು ಸೀಸನ್ ಬಾಳಿದರೆ ಹೆಚ್ಚು.

ಹಂತ 8: ಮೊದಲ ಸಲ ಬಳಸುವಾಗ

ಶನಿವಾರ ಬೆಳಿಗ್ಗೆ ಬೇಡ. ವಾರದ ನಡುವೆ, ರ‍್ಯಾಂಪ್ ಖಾಲಿ ಇರುವಾಗ ಹೋಗಿ. ಹೊಸ ಹಗ್ಗವನ್ನು ಉಳಿಯಬೇಕಾದ ಸುತ್ತು ಬಿಟ್ಟು ಪೂರ್ತಿ ಬಿಚ್ಚಿ, ಹಗುರ ಬಿಗಿಯಲ್ಲಿ ನೀಟಾಗಿ ಸುತ್ತಿ. ಸಡಿಲವಾಗಿ ಸುತ್ತಿದ ಹಗ್ಗ ಭಾರ ಬಿದ್ದಾಗ ಕೆಳ ಪದರದ ನಡುವೆ ಕಚ್ಚಿಕೊಳ್ಳುತ್ತದೆ.

ಕಾರಿನ ಎಂಜಿನ್ ಓಡುತ್ತಿರಲಿ, ಪಾರ್ಕಿಂಗ್ ಬ್ರೇಕ್ ಹಾಕಿರಲಿ. ಮಕ್ಕಳು, ನಾಯಿ, ಸಹಾಯ ಮಾಡಲು ಬಂದ ಗೆಳೆಯರು ಯಾರೂ ಹಗ್ಗದ ಸಾಲಿನಲ್ಲಿ ನಿಲ್ಲಬಾರದು. ಸ್ಟೀಲ್ ಹಗ್ಗವಾದರೆ ಅದರ ಮೇಲೆ ಒದ್ದೆ ಟವೆಲ್ಲೋ ಹಳೆ ಕಂಬಳಿಯೋ ಹಾಕಿ. ಡ್ರಮ್ ತಿರುಗುವಾಗ ಹಗ್ಗ ಸರಿಪಡಿಸಲು ಕೈ ಹಾಕಬೇಡಿ. ನಿಲ್ಲಿಸಿ, ಸರಿಮಾಡಿ, ಮತ್ತೆ ಶುರುಮಾಡಿ. ಬೋಟ್ ಓರೆಯಾಗಿ ಬರುತ್ತಿದ್ದರೆ ಎಳೆದು ಸರಿ ಮಾಡಲು ಹೋಗಬೇಡಿ, ಸ್ವಲ್ಪ ಹಗ್ಗ ಬಿಟ್ಟು ತೇಲಿಸಿ ನೇರ ಮಾಡಿಕೊಳ್ಳಿ.

ಎಳೆದು ಮುಗಿದ ಮೇಲೆ ಮೋಟಾರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಭಾರ ಜಾಸ್ತಿಯಾಗಿದೆ, ಇಲ್ಲವೇ ವೋಲ್ಟ್ ಸಾಲುತ್ತಿಲ್ಲ. ಪ್ಲಗ್‌ಗಳನ್ನೂ ಮುಟ್ಟಿ. ಬಿಸಿಯಾದ ಪ್ಲಗ್ ಅಂದರೆ ಕ್ರಿಂಪ್ ಸರಿಯಾಗಿ ಕೂತಿಲ್ಲ. ಒಂದು ಮಲ್ಟಿಮೀಟರ್ ಇದ್ದರೆ ಎಳೆಯುತ್ತಿರುವಾಗಲೇ ವಿಂಚ್ ಟರ್ಮಿನಲ್‌ನಲ್ಲಿ ವೋಲ್ಟ್ ಓದಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ವಿಂಚ್ ನಿಧಾನವಾಯಿತು ಅನ್ನಿಸಿದಾಗ ಹೋಲಿಸಲು ಆ ನಂಬರ್ ಬೇಕಾಗುತ್ತದೆ.

ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ, ಆದರೆ ಪ್ರೆಶರ್ ವಾಷರ್ ಬೇಡ, ಅದು ಸೀಲ್ ದಾಟಿ ನೀರು ನುಗ್ಗಿಸುತ್ತದೆ. ಪ್ಲಗ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ, ಬ್ಯಾಟರಿ ಸಂಪರ್ಕ ಕಡಿಯುವ ಐಸೊಲೇಟರ್ ಸ್ವಿಚ್ ಆಫ್ ಮಾಡಿ. ಎಳೆಯುವಾಗ ಬ್ರೇಕರ್ ಪದೇ ಪದೇ ಹಾರುತ್ತಿದ್ದರೆ ದೊಡ್ಡ ಬ್ರೇಕರ್ ತರಲು ಹೋಗಬೇಡಿ. ಟ್ರೇಲರ್ ಹಿಂಭಾಗಕ್ಕೆ ಹೋಗಿ ರೋಲರ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ.